ಕಲ್ಲು ಬಿದ್ದರೆ ಕೂಗಬೇಕು

ಸೋಮವಾರ, 6 ಮಾರ್ಚ್ 1972

ಕದ್ದವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದ ಮೂವರು. ಕೆಲಸ ಕಳೆದುಕೊಂಡವರು ಕಮೀಲ್ ಮಾಮ. ಇದು ಅನ್ಯಾಯ. ಇದಕ್ಕೆ ಇನ್ನೊಂದು ಮೆತ್ತನೆಯ ಹೆಸರಿದ್ದರೂ ನಾನು ಬಳಸುವುದಿಲ್ಲ.

ನವೆಂಬರಿನಲ್ಲಿ ನಡೆದದ್ದನ್ನು ಈ ಪುಸ್ತಕದಲ್ಲಿ ಬರೆದಿರಲಿಲ್ಲ. ಆಗ ಕೈ ಬರಲಿಲ್ಲ. ಇವತ್ತು ಬರೆಯಲೇಬೇಕು. ಯಾಕೆಂದರೆ ಬೆಳಿಗ್ಗೆ ಧಣಿ ರೋಂಬೌಟ್ಸ್ ಎಲ್ಲ ಚಕ್ರಗಳನ್ನು ನಿಲ್ಲಿಸಿ, ಈಸ್ಟರ್ ವಾರದಲ್ಲಿ ಇಟಲಿಯ ಸಿನಿಮಾ ಕಂಪನಿಯೊಂದು ಆಂಟ್ವರ್ಪಿನ ನಮ್ಮ ವಜ್ರದ ಸಾಣೆಮನೆಯಲ್ಲೇ ಚಿತ್ರೀಕರಣ ಮಾಡುತ್ತದೆ ಎಂದ. ವಜ್ರ ದರೋಡೆಯ ಚಿತ್ರವಂತೆ. ನಮ್ಮಲ್ಲಿ ನಡೆದ ದರೋಡೆಯ ಸುದ್ದಿ ಓದಿಯೇ ಈ ಜಾಗ ಹುಡುಕಿಕೊಂಡು ಬಂದರಂತೆ. ಅವನ ಮುಖದಲ್ಲಿ ಹೆಮ್ಮೆ ಇತ್ತು! ನಾವು ಏಳೂ ಜನ ನಮ್ಮ ನಮ್ಮ ಚಕ್ರದ ಮುಂದೆ ಕೂತು ನಟಿಸಬೇಕಂತೆ. ಎಂಟನೆಯ ಚಕ್ರ ಖಾಲಿ ಇದೆ. ಅದರ ಬಗ್ಗೆ ಅವನು ಮಾತಾಡಲಿಲ್ಲ.

ನಡೆದದ್ದು ಇಷ್ಟು. ಮಧ್ಯಾಹ್ನದ ಸೂಪಿಗೆ ಹತ್ತು ನಿಮಿಷ ಇತ್ತು. ಮೂವರು ಒಳಗೆ ಬಂದರು, ಇಬ್ಬರ ಕೈಯಲ್ಲಿ ಪಿಸ್ತೂಲು. ಕೂತಲ್ಲೇ ಕೈ ಮೇಲೆತ್ತಿ, ಅಲ್ಲಾಡಿದವರಿಗೆ ಗುಂಡು ಎಂದರು. ಎತ್ತಿದೆವು. ಧಣಿಯ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಪೊಟ್ಟಣಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಎಂಟು ನಿಮಿಷದಲ್ಲಿ ಹೋದರು. ಬಾಗಿಲು ಹಾಕಿದ ಸದ್ದಾದ ಕೂಡಲೇ ಕಮೀಲ್ ಮಾಮ "ಕಲ್ಲು!" ಎಂದು ಕೂಗಿದರು. ಕೈ ಎತ್ತುವಾಗ, ಚಕ್ರಕ್ಕೆ ಒತ್ತಿ ಹಿಡಿದಿದ್ದ ಅವರ ಇಕ್ಕಳದಿಂದ ಎರಡೂವರೆ ಕ್ಯಾರೆಟ್ಟಿನ ವಜ್ರದ ಕಲ್ಲು ಹಾರಿಹೋಗಿತ್ತು.

ನಮ್ಮ ಕೆಲಸದಲ್ಲಿ ಕಲ್ಲು ಹಾರುವುದು ಹೊಸದಲ್ಲ. ಹಾರಿದ ಕ್ಷಣವೇ ಕೂಗಬೇಕು. ಕೂಗು ಕೇಳಿದವರು ಪಾದ ಎತ್ತದೆ ಇದ್ದಲ್ಲೇ ಮಂಡಿಯೂರಬೇಕು, ಕಲ್ಲು ಸಿಗುವವರೆಗೆ ಯಾರೂ ಹೊರಗೆ ಹೋಗುವ ಹಾಗಿಲ್ಲ. ನಾನು ಹದಿನೈದನೆಯ ವಯಸ್ಸಿನಲ್ಲಿ ಇಲ್ಲಿಗೆ ಸೇರಿದಾಗ ಕಮೀಲ್ ಮಾಮ ಸಾಣೆಗಿಂತ ಮೊದಲು ಕಲಿಸಿದ್ದು ಇದನ್ನೇ.

ಅವತ್ತು ಹುಡುಕಿದೆವು. ಅಷ್ಟರಲ್ಲಿ ಪೊಲೀಸರ ಬೂಟುಗಳು ಬಂದು ಇಡೀ ನೆಲ ತುಳಿದವು. ಮೂರು ದಿನ ಕಸ ಜರಡಿ ಹಿಡಿದರೂ ಸಿಗಲಿಲ್ಲ. ನಾಲ್ಕನೆಯ ದಿನ ಧಣಿ ನಮ್ಮೆಲ್ಲರ ಮುಂದೆ ಹೇಳಿದ: "ಮೂವತ್ತೊಂದು ವರ್ಷ ಸಾಣೆ ಹಿಡಿದವನು ಕಲ್ಲು ಬಿದ್ದ ಕ್ಷಣ ಕೂಗ್ತಾನೆ. ನೀನು ಎಂಟು ನಿಮಿಷ ಬಿಟ್ಟು ಕೂಗಿದೆ. ಆ ಎಂಟು ನಿಮಿಷ ಯಾತಕ್ಕೆ ಬೇಕಾಯ್ತು ಕಮೀಲ್?"

ಕಮೀಲ್ ಮಾಮ ಮೇಲಂಗಿ ಬಿಚ್ಚಿ ಮಡಿಸಿಟ್ಟು ಹೋದರು. ಮಾತು ಎದುರಿನ ಕಾಫಿ ಅಂಗಡಿಗೆ ಹೋಯಿತು, ಅಲ್ಲಿಂದ ಆಂಟ್ವರ್ಪಿನ ಎಲ್ಲ ಸಾಣೆಮನೆಗಳಿಗೂ ಹೋಯಿತು. ಮತ್ತೆ ಯಾರೂ ಅವರನ್ನು ಕರೆಯಲಿಲ್ಲ.

ನನ್ನ ಮಂಚದ ಕೆಳಗೆ ಬೂಟಿನ ಡಬ್ಬಿ ತುಂಬ ಕರಪತ್ರಗಳಿವೆ. ಶ್ರಮ ಯಾರದ್ದು, ಲಾಭ ಯಾರದ್ದು ಎಂದು ಅವು ನನಗೆ ಕಲಿಸಿವೆ. ಈಗ ನಾನೇ ಒಂದು ಬರೆಯುತ್ತೇನೆ. ಕ್ಯಾಮೆರಾ ಓಡುವಾಗ ಎದ್ದು ನಿಂತು ಓದುತ್ತೇನೆ. ಇಟಲಿಯವರೂ ನೋಡಲಿ, ಜಗತ್ತೇ ನೋಡಲಿ.


ಗುರುವಾರ, 9 ಮಾರ್ಚ್

ನಾಲ್ಕು ಪುಟ ಆಯಿತು. ಶೀರ್ಷಿಕೆ: "ವಜ್ರದ ಹೊಳಪಿನ ಹಿಂದಿನ ಕತ್ತಲು." ಮಧ್ಯಾಹ್ನ ಇರ್ಮಾಗೆ ಓದಲು ಕೊಟ್ಟೆ. ಇರ್ಮಾ ನನ್ನ ಪಕ್ಕದ ಚಕ್ರದವಳು, ಐವತ್ತು ದಾಟಿದೆ, ಇಬ್ಬರು ಗಂಡಂದಿರನ್ನು ಮಣ್ಣು ಮಾಡಿದ್ದಾಳೆ, ಯಾರಿಗೂ ಹೆದರುವುದಿಲ್ಲ. ಸೂಪು ಕುಡಿಯುತ್ತಾ ಓದಿದಳು. ಎರಡನೆಯ ಪುಟಕ್ಕೆ ಬಟಾಣಿ ಬಿತ್ತು.

"ಲುತ್, ‘ಇತಿಹಾಸ’ ಅಂತ ಹನ್ನೊಂದು ಸಲ ಬರೆದಿದ್ದೀಯ."

"ಬೇಕಾದಲ್ಲಿ ಬರೆದಿದ್ದೀನಿ."

"ಕಮೀಲ್ ಅಂತ ಎಷ್ಟು ಸಲ ಬರೆದೆ ಹೇಳು?"

ಕಾಗದಗಳನ್ನು ಅವಳ ಕೈಯಿಂದ ತೆಗೆದುಕೊಂಡೆ. ಒಂದು ಸಲವೂ ಇರಲಿಲ್ಲ. ಒಬ್ಬ ವ್ಯಕ್ತಿಯ ಹೆಸರು ಹಾಕಿದರೆ ವಿಷಯ ಚಿಕ್ಕದಾಗುತ್ತದೆ ಎಂಬುದು ಇರ್ಮಾಗೆ ಅರ್ಥವಾಗುವುದಿಲ್ಲ.


ಭಾನುವಾರ, 12 ಮಾರ್ಚ್

ಪೂಜೆ ಮುಗಿಸಿ ಕಮೀಲ್ ಮಾಮನ ಮನೆಗೆ ಹೋದೆ. (ಚರ್ಚಿಗೆ ಹೋದದ್ದು ಅಮ್ಮನಿಗೋಸ್ಕರ.) ನಮ್ಮೂರು ನೈಲೆನ್‌ನಲ್ಲಿ ಅವರ ಮನೆ ರೈಲು ಹಳಿಯ ಆಚೆ. ನನ್ನ ಜೊತೆ ದಿನಾ ರೈಲಿನಲ್ಲಿ ಆಂಟ್ವರ್ಪಿಗೆ ಬರುತ್ತಿದ್ದವರು ಈಗ ಇಲ್ಲೇ ಬೈಸಿಕಲ್ ಅಂಗಡಿಯಲ್ಲಿ ಚಕ್ರದ ಕಡ್ಡಿ ಬಿಗಿಯುತ್ತಾರೆ. ವಜ್ರಕ್ಕೆ ಐವತ್ತೇಳು ಮುಖ ಕೊಡುತ್ತಿದ್ದ ಬೆರಳುಗಳು!

ಅವರು ಹಿತ್ತಲಲ್ಲಿ ಪಾರಿವಾಳಗಳ ಗೂಡು ಕೆರೆಯುತ್ತಿದ್ದರು. ಕರಪತ್ರ ಓದಿ ಹೇಳಿದೆ. ಒಂದು ಪಾರಿವಾಳವನ್ನು ಕೈಯಲ್ಲಿ ಹಿಡಿದು ಅದರ ರೆಕ್ಕೆ ಬಿಡಿಸಿ ನೋಡುತ್ತಾ ಕೇಳಿದರು. ಮುಗಿದ ಮೇಲೆ, "ಗಂಟಲು ಒಣಗಿರ್ಬೇಕು, ಕಾಫಿ ಕುಡಿ ಮಗು," ಎಂದರು.

"ಇದಕ್ಕೆ ಸಹಿ ಹಾಕ್ತೀರಾ ಕಮೀಲ್ ಮಾಮ?"

"ನನ್ನ ವಿಷಯ ಇದ್ರಲ್ಲಿ ಎಲ್ಲಿದೆ?"

"ಎಲ್ಲಾ ನಿಮ್ಮ ವಿಷಯಾನೇ."

"ಹೌದಾ. ನಂಗೆ ಗೊತ್ತಾಗ್ಲಿಲ್ಲ ನೋಡು."

ಆಗ ಕೇಳಿಯೇಬಿಟ್ಟೆ. ನಾಲ್ಕು ತಿಂಗಳಿಂದ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆ. "ಅವತ್ತು ಕಲ್ಲು ಹಾರಿದಾಗಲೇ ಯಾಕೆ ಕೂಗಲಿಲ್ಲ?"

ಅವರು ಪಾರಿವಾಳವನ್ನು ಗೂಡಿಗೆ ಬಿಟ್ಟು ಚಿಲಕ ಹಾಕಿದರು. "ಕೂಗಲಿಲ್ಲ. ಅಷ್ಟೆ."

ಮನೆಗೆ ಬರುವಾಗ ದಾರಿಯುದ್ದಕ್ಕೂ ಸಿಟ್ಟಾಗಿದ್ದೆ. ಅವರ ಮೇಲೋ ಧಣಿಯ ಮೇಲೋ ತಿಳಿಯಲಿಲ್ಲ. ಇಲ್ಲಿ ಸುಳ್ಳು ಬರೆಯಬಾರದು, ಆದ್ದರಿಂದ ಬರೆಯುತ್ತೇನೆ: ಹಳಿ ದಾಟುವಾಗ ಒಂದು ಕ್ಷಣ, ಒಂದೇ ಕ್ಷಣ, ನನಗೂ ಆ ಎಂಟು ನಿಮಿಷ ಯಾತಕ್ಕೆ ಎನ್ನಿಸಿತು. ನಾಚಿಕೆಯಾಗಿ ಓಡಿಬಂದೆ.


ಶನಿವಾರ, 18 ಮಾರ್ಚ್

ಶತ್ರುವನ್ನು ಅರಿಯದೆ ಹೋರಾಡಬಾರದು. ಹಾಗಾಗಿ ಇರ್ಮಾ ಜೊತೆ ಆಂಟ್ವರ್ಪಿನಲ್ಲಿ ಒಂದು ವಜ್ರ ದರೋಡೆಯ ಸಿನಿಮಾ ನೋಡಿದೆ.

ಸುಳ್ಳು, ಬರೀ ಸುಳ್ಳು. ಕಳ್ಳ ಸೂರಿನಿಂದ ಹಗ್ಗ ಕಟ್ಟಿಕೊಂಡು ಇಳಿಯುತ್ತಾನೆ. ನಮ್ಮ ಕಳ್ಳರು ಮೆಟ್ಟಿಲು ಹತ್ತಿ ಬಂದರು, ಮೇಲೆ ಬರುವಷ್ಟರಲ್ಲಿ ಒಬ್ಬನಿಗೆ ಏದುಸಿರು. ಸಿನಿಮಾದಲ್ಲಿ ತಿಜೋರಿಗೆ ಕಿವಿಯಿಟ್ಟು ಒಳಗಿನ ಟಿಕ್ ಟಿಕ್ ಕೇಳಿ ಬೀಗ ತೆಗೆಯುತ್ತಾರೆ. ನಮ್ಮವರು ಧಣಿಯನ್ನು ಬೀಗದ ಕೈ ಕೇಳಿದರು, ಅವನು ಕೊಟ್ಟ. ಸಿನಿಮಾದಲ್ಲಿ ವಜ್ರಗಳನ್ನು ಮಖಮಲ್ ಚೀಲದಿಂದ ಕಡಲೆಯ ಹಾಗೆ ಸುರಿಯುತ್ತಾರೆ. ಹಾಗೆ ಸುರಿದರೆ ಒಂದರ ಅಂಚು ಇನ್ನೊಂದಕ್ಕೆ ತಾಗಿ ಹಾಳಾಗುತ್ತದೆ, ಅದಕ್ಕೇ ನಾವು ಕಾಗದದ ಪೊಟ್ಟಣ ಮಡಿಸುವುದು. ಮತ್ತೆ ಇಡೀ ಚಿತ್ರದಲ್ಲಿ ಸಾಣೆ ಹಿಡಿಯುವವನು ಒಬ್ಬನೂ ಇಲ್ಲ. ಕಲ್ಲು ಮರದಲ್ಲಿ ಹಣ್ಣು ಬಿಟ್ಟ ಹಾಗೆ ಹೊಳೆಯುತ್ತಲೇ ಹುಟ್ಟುತ್ತದೆ!

ಹೊರಗೆ ಬಂದು ಕಾಗದದ ಕೊಳವೆಯಲ್ಲಿ ಕರಿದ ಆಲೂಗೆಡ್ಡೆ ತಿನ್ನುತ್ತಾ ಇದನ್ನೆಲ್ಲ ಇರ್ಮಾಗೆ ವಿವರಿಸಿದೆ.

"ಸಿನಿಮಾ ಕಳ್ಳ ಚೆನ್ನಾಗಿದ್ದ," ಎಂದಳು. "ನಮ್ಮೋನಿಗೆ ನೆಗಡಿ. ನನ್ನ ಕಿವಿ ಹತ್ರಾನೇ ಸೀನಿದ. ನಾನು ‘ದೇವರು ಕಾಪಾಡ್ಲಿ’ ಅಂದುಬಿಟ್ಟೆ ಕಣೇ. ಬಾಯಿಗೆ ಅಭ್ಯಾಸ."

"ಅವನೇನಂದ?"

"‘ಥ್ಯಾಂಕ್ಸ್ ಮೇಡಂ’ ಅಂದ. ಪಿಸ್ತೂಲು ಮಾತ್ರ ಇಳಿಸಲಿಲ್ಲ."

ನಕ್ಕು ನಕ್ಕು ಮಯೊನೇಸ್ ನನ್ನ ಕೋಟಿನ ಮೇಲೆಲ್ಲ ಬಿತ್ತು. ಕೊನೆಯಲ್ಲಿ ಕಳ್ಳರು ದೋಣಿ ಹತ್ತಿ ತಪ್ಪಿಸಿಕೊಂಡಾಗ ನಾನು ಚಪ್ಪಾಳೆ ತಟ್ಟಿದೆನೆಂದು ಇರ್ಮಾ ವಾದಿಸುತ್ತಾಳೆ. ಇಲ್ಲ. ಚಳಿಗೆ ಕೈ ಉಜ್ಜಿಕೊಂಡೆ.


ಬುಧವಾರ, 22 ಮಾರ್ಚ್

ಸಿನಿಮಾ ಕಂಪನಿಯ ಸಹಾಯಕ ನಿರ್ದೇಶಕ ಬಂದಿದ್ದ. ಹೆಸರು ಯೋರಿಸ್, ಬ್ರಸೆಲ್ಸ್‌ನವನು, ಮೊಣಕಾಲವರೆಗೆ ಇಳಿಬಿದ್ದ ಕೊರಳುವಸ್ತ್ರ. ಇಟಲಿಯ ನಿರ್ದೇಶಕನ ಮಾತನ್ನು ನಮಗೆ ತಿಳಿಸುವವನು ಇವನೇ. ಕಥೆ ಹೇಳಿದ. ಕೇಳಿ ನನ್ನ ಮೈ ಉರಿಯಿತು. ಕಳ್ಳರಿಗೆ ಒಳಗಿನ ಗುಟ್ಟು ಹೇಳಿಕೊಡುವವನು ಸಾಣೆಮನೆಯ ಕೆಲಸಗಾರನೇ ಅಂತೆ!

"ನಮ್ಮ ದರೋಡೆಯಲ್ಲಿ ಒಳಗಿನವನು ಯಾರೂ ಇರಲಿಲ್ಲ," ಎಂದೆ.

"ಗೊತ್ತು. ಆದ್ರೆ ಒಳಗಿನವನು ಇಲ್ದಿದ್ರೆ ಕಥೆ ಇಪ್ಪತ್ತು ನಿಮಿಷಕ್ಕೆ ಮುಗಿದುಹೋಗುತ್ತೆ."

"ನಿಜ ಇಪ್ಪತ್ತು ನಿಮಿಷಕ್ಕೆ ಮುಗಿಯೋದಾದ್ರೆ ಮುಗೀಲಿ. ಒಬ್ಬ ಮನುಷ್ಯನ ಹೆಸರು ಕೆಟ್ಟಿದೆ ಇಲ್ಲಿ."

ಅವನು ನಗುತ್ತಾನೆಂದುಕೊಂಡೆ. ನಗಲಿಲ್ಲ. ಯಾರು, ಏನಾಯಿತು ಎಂದು ಕೇಳಿದ. ಹೇಳಿದೆ. ಕಥೆ ಬದಲಾಯಿಸುವುದು ತನ್ನ ಕೈಯಲ್ಲಿಲ್ಲ, ಆದರೆ ಬೇರೊಂದು ತೊಂದರೆ ಇದೆ ಎಂದ. ನಾಯಕನಟನಿಗೆ ಇಕ್ಕಳ ಹಿಡಿಯಲು ಬರುವುದಿಲ್ಲ. ಅವನ ಕೈಗಳ ಬದಲು ಹತ್ತಿರದಿಂದ ತೋರಿಸಲು ಒಬ್ಬ ನಿಜವಾದ ಸಾಣೆಗಾರನ ಕೈ ಬೇಕು. ಗಂಡಸಿನ ಕೈ, ವಯಸ್ಸಾದ ಕೈ.

ಆಂಟ್ವರ್ಪಿನಲ್ಲಿ ಅಂಥ ಕೈ ಒಂದೇ ಜೊತೆ ಇರುವುದೆಂದು ಹೇಳಿದೆ.


ಭಾನುವಾರ, 26 ಮಾರ್ಚ್. ಗರಿಗಳ ಭಾನುವಾರ

ಕಮೀಲ್ ಮಾಮ ಬರುವುದಿಲ್ಲ ಎಂದೇ ಸಿದ್ಧಳಾಗಿ ಹೋಗಿದ್ದೆ. ಮನವೊಲಿಸಲು ಮೂರು ಕಾರಣ ಬರೆದುಕೊಂಡಿದ್ದೆ. ಮೊದಲನೆಯದೂ ಮುಗಿಯಲಿಲ್ಲ.

"ನನ್ನ ಚಕ್ರದ ಮುಂದೆನೇ ಕೂರೋದಾ?" ಎಂದು ಕೇಳಿದರು.

"ಹೌದು. ಖಾಲಿ ಇರೋದು ಅದೊಂದೇ."

"ಎಷ್ಟು ದಿನ?"

"ಎರಡು ಮೂರು ದಿನ. ಆದ್ರೆ ಕಲ್ಲು ಗಾಜಿಂದು. ಮತ್ತೆ ಧಣಿ ಅಲ್ಲೇ ಇರ್ತಾನೆ."

"ಅವರ ಮನೆ, ಅವರು ಇರ್ತಾರೆ." ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು, ಬೈಸಿಕಲ್ಲಿನ ಗ್ರೀಸು ಉಗುರಿನ ಸಂದಿಯಿಂದ ಹೋಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿಕೊಂಡರು. "ಬರ್ತೀನಿ ಅಂತ ಹೇಳು."

ಕಾಫಿಯ ಜೊತೆ ದಾಲ್ಚಿನ್ನಿ ಬಿಸ್ಕತ್ತು ಕೊಟ್ಟರು. ಕಿಟಕಿಯ ಚೌಕಟ್ಟಿಗೆ ಚರ್ಚಿನಿಂದ ತಂದ ಹಸಿರು ಕಡ್ಡಿ ಸಿಕ್ಕಿಸಿದ್ದರು. ಹಿತ್ತಲಿನಿಂದ ಪಾರಿವಾಳಗಳ ಗುಟುರು ಕೇಳುತ್ತಿತ್ತು. ಅರ್ಧ ಗಂಟೆ ಕೂತಿದ್ದೆವು. ಹೀಗೆ ಸುಮ್ಮನೆ ಕೂತು ನನಗೆ ಬಹಳ ದಿನವಾಗಿತ್ತು.

ಕರಪತ್ರವನ್ನು ಎರಡು ಪುಟಕ್ಕೆ ಇಳಿಸಿದ್ದೇನೆ. ಎರಡು ಕಡೆ ಅವರ ಹೆಸರು ಹಾಕಿದ್ದೇನೆ.


ಮಂಗಳವಾರ, 4 ಏಪ್ರಿಲ್

ಚಿತ್ರೀಕರಣದ ಮೊದಲ ದಿನ. ಸಾಣೆಮನೆ ಗುರುತೇ ಸಿಗಲಿಲ್ಲ. ದೊಡ್ಡ ದೀಪಗಳು, ನೆಲದ ತುಂಬ ಹಾವಿನಂತೆ ತಂತಿಗಳು. ನಮ್ಮ ಮೇಲಂಗಿಗಳ ಮೇಲಿದ್ದ ಎಣ್ಣೆ ಕಲೆ ಸಾಲದೆಂದು ಒಬ್ಬಳು ಕಪ್ಪು ಬಣ್ಣ ಬಳಿದಳು. "ಮೂವತ್ತು ವರ್ಷದ ಕಲೆ ಇದು, ಇನ್ನೂ ಬೇಕಾ ನಿಂಗೆ?" ಎಂದು ಇರ್ಮಾ ಅವಳ ಮೇಲೆ ಹರಿಹಾಯ್ದಳು.

ಕಮೀಲ್ ಮಾಮ ಭಾನುವಾರದ ಕೋಟು ಹಾಕಿಕೊಂಡು ಬಂದರು. ಬಾಗಿಲಲ್ಲಿ ಧಣಿ ನಿಂತಿದ್ದ. ಇಬ್ಬರೂ ಟೋಪಿ ಮುಟ್ಟಿಕೊಂಡರು, ಅಷ್ಟೆ. ನಂತರ ಕಮೀಲ್ ಮಾಮ ಎಂಟನೆಯ ಚಕ್ರದ ಮುಂದೆ ಕೂತು ಅಂಗೈಯನ್ನು ಅದರ ಮೇಲೆ ಇಟ್ಟರು, ಕುದುರೆಯ ಕುತ್ತಿಗೆ ಸವರುವ ಹಾಗೆ. ನಾವ್ಯಾರೂ ಆ ಕಡೆ ನೋಡಲಿಲ್ಲ, ಆದರೆ ಎಲ್ಲರೂ ನೋಡಿದೆವು.

ಇವತ್ತು ಬರೀ ಅವರ ಕೈಗಳನ್ನು ತೆಗೆದರು. ನಿರ್ದೇಶಕ ನಾಲ್ಕು ಸಲ "ಬೆಲ್ಲೋ!" ಎಂದ. ಚೆನ್ನಾಗಿದೆ ಎಂದು ಅರ್ಥವಂತೆ.

ನಾಳೆ ದರೋಡೆಯ ದೃಶ್ಯ. ಕಳ್ಳರು "ಕೈ ಮೇಲೆ!" ಎಂದ ಕೂಡಲೇ ಎದ್ದು ಓದುತ್ತೇನೆ. ಕರಪತ್ರ ಮೇಲಂಗಿಯ ಜೇಬಿನಲ್ಲಿದೆ.


ಬುಧವಾರ, 5 ಏಪ್ರಿಲ್

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು, ಒಂದೂ ಬಿಡಬಾರದು.

ಹತ್ತು ಗಂಟೆಗೆ ಚಕ್ರಗಳು ತಿರುಗತೊಡಗಿದವು. ಎಂಟೂ ಚಕ್ರ. ಆ ಸದ್ದು ಸರಿಯಾಗಿತ್ತು, ಐದು ತಿಂಗಳಿಂದ ಏಳರ ಸದ್ದು ಕೇಳಿ ಕೇಳಿ ನನಗೆ ಮರೆತೇಹೋಗಿತ್ತು. ಧಣಿ ತನ್ನ ಸಾಮಾನು ಯಾರೂ ಮುರಿಯದಂತೆ ಕಾಯುತ್ತಾ ಕ್ಯಾಮೆರಾದ ಹಿಂದೆ ನಿಂತಿದ್ದ. ನಾಯಕನಟ ಮೂಲೆಯಲ್ಲಿ ಕಿತ್ತಳೆ ತಿನ್ನುತ್ತಿದ್ದ, ಅವನ ಕೈಗಳು ಎಂಟನೆಯ ಚಕ್ರದ ಮುಂದೆ ಕೂತಿದ್ದವು.

ಬಾಗಿಲು ಒದ್ದುಕೊಂಡು ಕಳ್ಳ ವೇಷದವರು ಮೂವರು ನುಗ್ಗಿದರು. "ಕೈ ಮೇಲೆ!"

ನಾನು ಜೇಬಿಗೆ ಕೈ ಹಾಕಿದೆ. ಅದೇ ಕ್ಷಣ ಕಮೀಲ್ ಮಾಮ ಕೈ ಎತ್ತಿದರು, ಇಕ್ಕಳ ಚಕ್ರದಿಂದ ಮೇಲೆದ್ದಿತು, ಅದರ ತುದಿಯಿಂದ ಏನೋ ಮಿಂಚಿ ಹಾರಿತು. ನೋಡಿದೆ. ಬಾಯಿ ತೆರೆದೆ. ಬಂದದ್ದು ಕರಪತ್ರದ ಮೊದಲ ಸಾಲಲ್ಲ.

"ಕಲ್ಲು!"

ಏಳೂ ಜನ ನೆಲಕ್ಕೆ ಬಿದ್ದೆವು. ನಾನು, ಇರ್ಮಾ, ಎಲ್ಲರೂ. ಮಂಡಿಯೂರಿ, ಅಂಗೈ ನೆಲಕ್ಕೆ ಸವರುತ್ತಾ. ಪಿಸ್ತೂಲು ಹಿಡಿದವನೊಬ್ಬ ಏನು ಮಾಡಬೇಕೆಂದು ತಿಳಿಯದೆ ಒಂದು ಹೆಜ್ಜೆ ಮುಂದಿಟ್ಟ.

"ಕಾಲು ಇಡಬೇಡ ಕತ್ತೆ!" ಇರ್ಮಾ ಅವನ ಕಣಕಾಲು ಹಿಡಿದಳು. "ಇದ್ದಂಗೇ ನಿಲ್ಲು!"

ಅವನು ಒಂಟಿ ಕಾಲಲ್ಲಿ ನಿಂತ. ಪಿಸ್ತೂಲು ಅವಳ ತಲೆಯ ಮೇಲೆಯೇ ಇತ್ತು.

ನಿರ್ದೇಶಕ ಕೂಗಾಡಿದ. ಯೋರಿಸ್ ಅನುವಾದಿಸಿದ: "ನೀವು ಹೆದರಬೇಕಂತೆ. ಸಾವು ಕಣ್ಣೆದುರಿಗೆ ಬಂದಿದೆಯಂತೆ. ನೀವು ಕಸ ಗುಡಿಸೋ ಥರ ಕಾಣ್ತಿದ್ದೀರಂತೆ."

ಸರಿ, ಎರಡನೆಯ ಸಲ. ಅದು ಗಾಜು, ಅಂಗಿಯ ಗುಂಡಿಯಷ್ಟೂ ಬೆಲೆಯಿಲ್ಲ ಎಂದು ಯೋರಿಸ್ ಎಲ್ಲರಿಗೂ ತಿಳಿಹೇಳಿದ. ನಾವೂ ತಲೆಯಾಡಿಸಿದೆವು. ಕಳ್ಳರು ನುಗ್ಗಿದರು, ಗಾಜು ಮತ್ತೆ ಹಾರಿತು. ಗಾಜು ವಜ್ರದ ಹಾಗೆ ಇಕ್ಕಳದಲ್ಲಿ ಕಚ್ಚಿ ನಿಲ್ಲುವುದಿಲ್ಲ. ಈ ಸಲ ಕೂಗಿದವಳು ಇರ್ಮಾ. ಏಳೂ ಜನ ಮತ್ತೆ ನೆಲದ ಮೇಲೆ.

"ಇರ್ಮಾ!" ಎಂದೆ ಮೇಜಿನ ಕೆಳಗಿನಿಂದ. "ಅದು ಗಾಜು!"

"ನೀನ್ಯಾಕೆ ಮತ್ತೆ ಇಲ್ಲಿದ್ದೀಯ?"

ಮೂರನೆಯ ಸಲ ನಿರ್ದೇಶಕ ಒಬ್ಬೊಬ್ಬರ ಹತ್ತಿರವೂ ಬಂದು ಕೈ ಮುಗಿದು ಬೇಡಿಕೊಂಡ. ನಾನು ಕಾಲುಗಳನ್ನು ಕುರ್ಚಿಯ ಕಾಲಿಗೆ ಸುತ್ತಿ ಬಿಗಿದುಕೊಂಡೆ. ನುಗ್ಗಿದರು. "ಕೈ ಮೇಲೆ!" ಗಾಜು ಹಾರಿತು. ಕೂಗಬಾರದೆಂದು ತುಟಿ ಕಚ್ಚಿ ಹಿಡಿದೆ. ಇರ್ಮಾ ಮೇಲಂಗಿಯ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದಳು.

"ಕಲ್ಲು!"

ಕೂಗು ಕ್ಯಾಮೆರಾದ ಹಿಂದಿನಿಂದ ಬಂತು. ಕೂಗಿದವನು ಧಣಿ. ನಾವು ಬೀಳುವ ಮೊದಲೇ ಅವನು ತನ್ನ ಬೂದು ಬಣ್ಣದ ಒಳ್ಳೆಯ ಪ್ಯಾಂಟಿನಲ್ಲಿ ನೆಲಕ್ಕೆ ಮಂಡಿಯೂರಿದ್ದ.

ಯಾರೋ ಚಕ್ರಗಳನ್ನು ನಿಲ್ಲಿಸಿದರು. ಧಣಿ ಮಂಡಿಯ ಮೇಲೇ ಇದ್ದು ತಲೆಯೆತ್ತಿ ನೋಡಿದರು. ಇಡೀ ಕೋಣೆಯಲ್ಲಿ ಕೂತಲ್ಲೇ ಕೂತಿದ್ದವರು ಒಬ್ಬರೇ. ಕಮೀಲ್ ಮಾಮ. ಎರಡೂ ಕೈ ಮೇಲೆ, ಬಾಯಿ ಮುಚ್ಚಿ, ನವೆಂಬರಿನಲ್ಲಿ ಕೂತಿದ್ದ ಹಾಗೆಯೇ.

"ಕಮೀಲ್," ಎಂದರು ಧಣಿ. "ಅವತ್ತು ನೀನು ಕೂಗಿದ್ದಿದ್ರೆ…"

"ಹೂಂ," ಎಂದರು ಕಮೀಲ್ ಮಾಮ.

"ಎಲ್ಲರೂ ಹಿಂಗೇ…"

"ಕಿಟಕಿ ಹತ್ರ ನಿಂತಿದ್ದೋನ ಕೈ ನಡುಗ್ತಿತ್ತು ಧಣಿ. ಹೊಸಬ. ಬೆರಳು ಪಿಸ್ತೂಲಿನ ಕುದುರೆ ಮೇಲಿತ್ತು. ಅಲ್ಲಾಡಿದ್ರೆ ಗುಂಡು ಅಂದಿದ್ದ. ಇವಳು," ನನ್ನತ್ತ ಗದ್ದ ತೋರಿಸಿದರು, "ಅವನಿಗೆ ಎಲ್ಲರಿಗಿಂತ ಹತ್ರ ಕೂತಿದ್ಲು."

"ಯಾಕೆ ಹೇಳಲಿಲ್ಲ ನೀನು? ಒಂದು ಮಾತು ಹೇಳೋಕೆ ಏನಾಗಿತ್ತು?"

"ಏನಂತ ಹೇಳ್ಲಿ? ಪಿಸ್ತೂಲಿನ ಮುಂದೆ ಜನ ಬಗ್ಗಿ ಕಲ್ಲು ಹುಡುಕ್ತಾರೆ ಅಂದಿದ್ರೆ ಪೊಲೀಸ್ನೋರು ನಗ್ತಿದ್ರು, ನೀವೂ ನಗ್ತಿದ್ರಿ. ಇವರೂ ನಂಬ್ತಿರಲಿಲ್ಲ, ಕೇಳಿ ಬೇಕಾದ್ರೆ. ಅದೂ ಅಲ್ದೆ, ನಿಮ್ಮನ್ನೆಲ್ಲ ಉಳಿಸಿದೆ ಅಂತ ನಾನೇ ಬಾಯಿಬಿಟ್ಟು ಹೇಳ್ಕೊಂಡು ತಿರುಗ್ಲಾ? ಆಗುತ್ತಾ ಅದು?"

ನಿರ್ದೇಶಕ ಏನಾಯಿತೆಂದು ಯೋರಿಸ್‌ನನ್ನು ತಿವಿದ. ಯೋರಿಸ್ ಎರಡು ಮಾತು ಅನುವಾದಿಸಿ ನಿಲ್ಲಿಸಿಬಿಟ್ಟ.

ಧಣಿ ಎದ್ದರು. ಮಂಡಿಯ ಧೂಳು ಕೊಡವಿಕೊಳ್ಳದೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕ್ಷಮೆ ಕೇಳಲಿಲ್ಲ. ಕಮೀಲ್ ಮಾಮ ಕೈ ಇಳಿಸಿ ಭುಜ ತಿಕ್ಕಿಕೊಂಡರು.

ನಾನು ನೆಲದ ಮೇಲೆಯೇ ಇದ್ದೆ. ನವೆಂಬರಿನಲ್ಲಿ ನಾನು ಕಿಟಕಿಯ ಪಕ್ಕ ಕೂತಿದ್ದೆ ಎಂಬುದು ನಿಜ.


ಗುರುವಾರ, 6 ಏಪ್ರಿಲ್

ಬೆಳಿಗ್ಗೆ ಜೇಬಿನಲ್ಲಿ ಕರಪತ್ರ ಸಿಕ್ಕಿತು. ನಿನ್ನೆ ಓದುವುದು ಮರೆತೇ ಹೋಗಿತ್ತು. ನಾಳೆ ಕೊನೆಯ ದಿನ, ಓದಬಹುದು.

ಇನ್ನೊಂದು ಬರೆಯಲು ಬಿಟ್ಟಿದ್ದೆ. ನಿನ್ನೆ ಮೂರೂ ಗಾಜಿನ ಚೂರು ಸಿಗುವವರೆಗೆ ನಾವ್ಯಾರೂ ಊಟಕ್ಕೆ ಹೋಗಲಿಲ್ಲ. ಮೂರನೆಯದು ಒಂಟಿ ಕಾಲಿನ ಕಳ್ಳನ ಪ್ಯಾಂಟಿನ ಮಡಿಕೆಯಲ್ಲಿತ್ತು. ಇರ್ಮಾ ಅವನ ಕೆನ್ನೆ ಹಿಂಡಿದಳು. "ನೋಡಿದ್ಯಾ, ಕದ್ದುಬಿಟ್ಟಿದ್ದ!"

ಯೋರಿಸ್ ಹೇಳಿದ: ನಿರ್ದೇಶಕ ರಾತ್ರಿ ಆ ತುಣುಕು ನೋಡಿ ಮನಸ್ಸು ಬದಲಾಯಿಸಿದ್ದಾನಂತೆ, ಚಿತ್ರದಲ್ಲಿ ಅದನ್ನೇ ಇಡುತ್ತಾನಂತೆ. ಆದರೆ ಕೆಲಸಗಾರನೇ ಒಳಗಿನ ಕಳ್ಳ ಎಂಬ ಕಥೆ ಬದಲಾಗುವುದಿಲ್ಲ. ಇದು ಅರ್ಧ ಗೆಲುವು ಮಾತ್ರ ಎಂದು ಅವನಿಗೆ ಖಾರವಾಗಿ ಹೇಳಿದೆ. "ಆ ಅರ್ಧ ನಿನ್ನ ಕೂಗಿನಿಂದಲೇ ಬಂತಲ್ಲ," ಎಂದ. ಅವನ ಕೊರಳುವಸ್ತ್ರಕ್ಕೆ ಎಣ್ಣೆ ಕಲೆಯಾಗಿದೆ. ಸೀಮೆಎಣ್ಣೆಯಲ್ಲಿ ಒರೆಸಿದರೆ ಹೋಗುತ್ತದೆ ಎಂದು ಹೇಳಿಕೊಟ್ಟೆ.

ಧಣಿ ಇಡೀ ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ನಾಳೆ ಚಿತ್ರೀಕರಣ ಮುಗಿದರೆ ಕಮೀಲ್ ಮಾಮ ಮತ್ತೆ ಬೈಸಿಕಲ್ ಅಂಗಡಿಗೆ. ನಮ್ಮ ಏಳು ಜನಕ್ಕೆ ಗೊತ್ತಾಯಿತು, ಧಣಿಗೂ ಗೊತ್ತಾಯಿತು, ಆದರೆ ಊರಿಗೆ ಗೊತ್ತಿಲ್ಲ. ಧಣಿ ಬಾಯಿಬಿಡದಿದ್ದರೆ ಯಾವ ಸಾಣೆಮನೆಯೂ ಅವರನ್ನು ಕರೆಯುವುದಿಲ್ಲ.


ಶನಿವಾರ, 8 ಏಪ್ರಿಲ್

ನಿನ್ನೆ ಏನೂ ಆಗಲಿಲ್ಲ. ದೀಪ ಕಳಚಿದರು, ತಂತಿ ಸುತ್ತಿದರು, ಹೋದರು.

ಇವತ್ತು ಮಧ್ಯಾಹ್ನ ಕಮೀಲ್ ಮಾಮನ ಮನೆಯಲ್ಲಿದ್ದೆ. ಗೂಡಿಗೆ ಹೊಸ ಹಲಗೆ ಬಡಿಯುತ್ತಿದ್ದೆವು. ಬಾಗಿಲಲ್ಲಿ ಕಾರು ನಿಂತಿತು. ಧಣಿ. ಕೈಯಲ್ಲಿ ಅಕ್ಕಿ ಪಾಯಸ ತುಂಬಿ ಬೇಯಿಸಿದ ಸಿಹಿ ರೊಟ್ಟಿಯ ಡಬ್ಬಿ. ಅವರ ಹೆಂಡತಿ ಕಳಿಸಿದ್ದಂತೆ. ಅಡುಗೆಮನೆಯ ಮೇಜಿನ ಸುತ್ತ ಕೂತೆವು. ಧಣಿ ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು, ಅದನ್ನು ಸುತ್ತಿ ಸುತ್ತಿ ತಿರುಗಿಸುತ್ತಿದ್ದರು.

"ಸೋಮವಾರದಿಂದ ಬಾ," ಎಂದರು.

"ಬರಲ್ಲ," ಎಂದರು ಕಮೀಲ್ ಮಾಮ.

ನಾನು ಕಮೀಲ್ ಮಾಮನ ಕಡೆ ತಿರುಗಿದೆ.

"ನೀವು ನನ್ನ ಕಳಿಸಿದ್ದು ಎಲ್ಲರ ಮುಂದೆ," ಎಂದರು ಅವರು ನಿಧಾನವಾಗಿ. "ಕರೆಯೋದು ಮಾತ್ರ ಅಡುಗೆಮನೇಲಾ? ನಾನು ಮತ್ತೆ ಆ ಚಕ್ರದ ಮುಂದೆ ಕೂತ್ರೆ ಊರು ಏನನ್ನುತ್ತೆ? ‘ಧಣಿ ಕರುಣೆ ತೋರ್ಸಿದ್ರು’ ಅನ್ನುತ್ತೆ. ಕರುಣೆ ಬೇಡ. ಮಾತು ಓಡಿದ್ದು ಕಾಫಿ ಅಂಗಡಿಯಿಂದ. ವಾಪಸ್ ಬರೋದೂ ಅಲ್ಲಿಂದಾನೇ ಬರ್ಲಿ."

"ಅಲ್ಲಿ ಹೋಗಿ ನಾನು ಏನಂತ ಹೇಳ್ಲಿ ಕಮೀಲ್? ನಂಗೆ ಭಾಷಣ ಬರಲ್ಲ."

ಇಬ್ಬರೂ ನನ್ನ ಕಡೆ ನೋಡಿದರು.

ಪೆನ್ಸಿಲ್ ಕೊಟ್ಟರು. ಕಾಗದಕ್ಕೆ ಜೇಬಿನಲ್ಲಿದ್ದ ಕರಪತ್ರವನ್ನೇ ತಿರುಗಿಸಿ ಹಿಂಬದಿಯಲ್ಲಿ ಬರೆದೆ: "ಕಮೀಲ್ ವೌಟರ್ಸ್ ಕಲ್ಲು ಕದಿಯಲಿಲ್ಲ. ಕೂಗದೆ ಇದ್ದು ಏಳು ಜನರನ್ನು ಉಳಿಸಿದ. ನಾನು ಹೇಳಿದ್ದು ತಪ್ಪು."

ಧಣಿ ಕನ್ನಡಕ ಹಾಕಿಕೊಂಡು ಓದಿದರು. ‘ಬಹುಶಃ’ ಎಂದು ಎಲ್ಲಾದರೂ ಸೇರಿಸಬಹುದೇ ಎಂದರು. ಆಗುವುದಿಲ್ಲ ಎಂದೆ. ‘ನಾನು ಹೇಳಿದ್ದು ತಪ್ಪು’ ಎಂಬುದರ ಬದಲು ‘ತಪ್ಪು ತಿಳಿವಳಿಕೆಯಾಗಿತ್ತು’ ಎಂದರೆ? ಆಗುವುದಿಲ್ಲ. ಏಳು ಜನ ಎಂಬ ಮಾತನ್ನು ಹೊಡೆದುಹಾಕಲು ಕಮೀಲ್ ಮಾಮ ಹೇಳಿದರು, ಅದು ಜಂಬವಾಗುತ್ತದಂತೆ. ಆಗ ಧಣಿ ನನಗಿಂತ ಮೊದಲು "ಅದು ಇರಬೇಕು" ಎಂದರು. "ಏಳಲ್ಲ, ಎಂಟು. ಪೆಟ್ಟಿಗೆ ಹತ್ರ ನಾನೂ ಇದ್ದೆ. ನಾನೂ ಬೀಳ್ತಿದ್ದೆ."

ಏಳನ್ನು ಅಳಿಸಿ ಎಂಟು ಮಾಡಿದೆ. ಧಣಿ ಅದನ್ನು ಎರಡು ಸಲ ಜೋರಾಗಿ ಓದಿ ಅಭ್ಯಾಸ ಮಾಡಿದರು. ಎರಡನೆಯ ಸಲ ‘ತಪ್ಪು’ ಎನ್ನುವ ಮೊದಲು ಕನ್ನಡಕ ತೆಗೆದು ಒರೆಸಿಕೊಂಡರು. ಕಮೀಲ್ ಮಾಮ ಎದ್ದು ಹೋಗಿ ಸಿಹಿ ರೊಟ್ಟಿ ಕತ್ತರಿಸಿ ದೊಡ್ಡ ತುಂಡನ್ನು ಅವರ ತಟ್ಟೆಗೆ ಹಾಕಿದರು. ಚೆನ್ನಾಗಿತ್ತು. ನಾನು ಎರಡು ತಿಂದೆ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಮೊದಲು ಕಾಫಿ ಅಂಗಡಿಯಲ್ಲಿ ಎಲ್ಲರ ಮುಂದೆ ಓದುತ್ತೇನೆಂದು ಹೇಳಿ ಧಣಿ ಹೋದ ಮೇಲೆ ಉಳಿದ ಹಲಗೆಗಳನ್ನು ಬಡಿದು ಮುಗಿಸಿದೆವು.


ಭಾನುವಾರ, 9 ಏಪ್ರಿಲ್

ಪೂಜೆಗೆ ಹೋಗಿದ್ದೆ. ಅಮ್ಮ ಈ ವಾರ ಕರೆದಿರಲಿಲ್ಲ, ಸುಮ್ಮನೆ ಹೋದೆ, ಹಾಡುಗಳು ಚೆನ್ನಾಗಿದ್ದವು.

ಇರ್ಮಾ ಎಲ್ಲರಿಗೂ ಸುದ್ದಿ ಮುಟ್ಟಿಸಿದ್ದಾಳೆ. ಬೇರೆ ಸಾಣೆಮನೆಗಳವರೂ ಬರುತ್ತಾರಂತೆ, ಕಾಫಿ ಅಂಗಡಿಯ ಮಾಲೀಕ ಹೆಚ್ಚು ಬ್ರೆಡ್ಡಿಗೆ ಹೇಳಿದ್ದಾನಂತೆ. ಬ್ರಸೆಲ್ಸ್‌ನಿಂದ ಯೋರಿಸ್ ಬರುತ್ತೇನೆಂದು ತಂತಿ ಕಳಿಸಿದ್ದಾನೆ, ಕೊರಳುವಸ್ತ್ರದ ಕಲೆ ಹೋಗಲಿಲ್ಲವಂತೆ. ಬಂದರೆ ತೋರಿಸಿಕೊಡುತ್ತೇನೆ. ಕಮೀಲ್ ಮಾಮ ಸಂಜೆ ನಮ್ಮ ಬಾಗಿಲಿಗೆ ಬಂದಿದ್ದರು. ಕ್ಷೌರ ಮಾಡಿಸಿಕೊಂಡಿದ್ದರು. ಒಬ್ಬರೇ ರೈಲು ಹತ್ತಲು ಕಾಲು ಬರುತ್ತಿಲ್ಲ, ಜೊತೆಗೆ ಬರುತ್ತೀಯಾ ಎಂದು ಕೇಳಿದರು. ಅವರಿಗಾಗಿ ಕಿಟಕಿ ಪಕ್ಕದ ಜಾಗ ಹಿಡಿದಿಡುತ್ತೇನೆ ಎಂದೆ.

ನಾಳೆ, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ, ನೈಲೆನ್ ನಿಲ್ದಾಣ.